ಬರವಣಿಗೆ ಬದಲಾದದ್ದು ಹೇಗೆ? ಬರೆಯುವ ಕೈ ಪಳಗುವುದು ಹೇಗೆ?

ಬರವಣಿಗೆ ಎಂದ ಕೂಡಲೇ ನಮ್ಮಲ್ಲಿ ಬಹಳ ಮಂದಿ ಕಥೆ, ಕವನ, ನಾಟಕ ಎಂದು ಮೂರು ಬೆರಳು ಮಡಚುತ್ತಾರೆ. ಅದಕ್ಕೊಂದು ಹುಟ್ಟುಗುಣ ಬೇಕು, ಅದು ಆರ್ಟ್ಸ್ ವಿಭಾಗದವರ ಕೆಲಸ, ನಮಗ್ಯಾಕೆ ಆ ಉಸಾಬರಿ ಎಂದು ಕೈ ಜಾಡಿಸುತ್ತಾರೆ. ಕಾಮರ್ಸ್ ಓದುವ ನಾನು ಈ ವಿಷಯ ಎತ್ತಿಕೊಂಡಾಗ ಗೆಳೆಯನೊಬ್ಬ, "ಬ್ಯಾಲೆನ್ಸ್ ಶೀಟ್ ಬರಿಯೋದು ಬಿಟ್ಟು ಇದೇನು ಹಚ್ಚೀಯೋ ಮಾರಾಯಾ" ಅಂದ. ಆದರೆ ಲೆಕ್ಕ ಬರೆಯುವುದೂ ಬರವಣಿಗೆಯೇ. ಕನ್ನಡ ಗದ್ಯದ ಚರಿತ್ರೆಯಲ್ಲಿ ಲೆಕ್ಕದವರಿಗೂ ಒಂದು ಗೌರವದ ಜಾಗ ಉಂಟು ಎಂಬುದನ್ನು ಮುಂದೆ ಹೇಳುತ್ತೇನೆ.

ನನ್ನ ಪ್ರಶ್ನೆ ಎರಡು. ಕನ್ನಡದ ಬರವಣಿಗೆ ಹೇಗೆ ಬದಲಾಗುತ್ತ ಬಂತು? ಬರೆಯುವವರ ಕೈ ಹೇಗೆ ಪಳಗುತ್ತದೆ? ಇವನ್ನು ಈಗ ಕೇಳಿಕೊಳ್ಳಲು ಕಾರಣವಿದೆ. ನಮ್ಮ ಮಂಡಳದ ಅನೇಕರು ಹತ್ತನೆಯ ಇಯತ್ತೆವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಒಂದೇ ಬೇಸಿಗೆ ರಜೆಯಲ್ಲಿ ಇಂಗ್ಲಿಷಿಗೆ ದಾಟಿದವರು. ಈಗ ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ಹಿಂದಿ-ಮರಾಠಿ, ಉತ್ತರಪತ್ರಿಕೆಯಲ್ಲಿ ಇಂಗ್ಲಿಷ್. ಕನ್ನಡ ಆಡುತ್ತೇವೆ, ತಕ್ಕಮಟ್ಟಿಗೆ ಓದುತ್ತೇವೆ. ಬರೆಯುವ ಪ್ರಸಂಗವೇ ಬರುವುದಿಲ್ಲ. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿರುವುದು ಎಲ್ಲರಿಗೂ ಗೊತ್ತು. ಬಳಸದ ಬಾವಿಯ ನೀರು ಹಳಸುವ ಹಾಗೆ ಬಳಸದ ಕೈಯೂ ಜಡ್ಡುಗಟ್ಟುತ್ತದೆ. ಹೀಗಾಗಿ ಇದು ನಮ್ಮ ಪಾಲಿಗೆ ಬರೀ ಚರಿತ್ರೆಯ ಪ್ರಶ್ನೆಯಲ್ಲ.

ಕಲ್ಲು, ಓಲೆ, ಕಡತ

ಬರೆಯುವ ಸಾಧನ ಬದಲಾದಾಗಲೆಲ್ಲ ಬರಹವೂ ಬದಲಾಗಿದೆ. ಕ್ರಿ.ಶ. 450ರ ಸುಮಾರಿನದೆಂದು ಎಣಿಸುವ ಹಲ್ಮಿಡಿ ಶಾಸನದಲ್ಲಿ ಇರುವುದು ಹದಿನಾರೇ ಸಾಲು. ಕಲ್ಲಿನ ಮೇಲೆ ಕೊರೆಯುವವನು ಒಂದು ಅಕ್ಷರವನ್ನೂ ದುಂದು ಮಾಡುವುದಿಲ್ಲ; ಒಮ್ಮೆ ಕೊರೆದದ್ದನ್ನು ಅಳಿಸುವ ಹಾಗೂ ಇಲ್ಲ.

ಅನಂತರದ ದೊಡ್ಡ ಸಾಧನ ತಾಳೆಯೋಲೆ. ಅದರ ಮೇಲೆ ಶಾಯಿಯಿಂದ ಬರೆಯುತ್ತಿರಲಿಲ್ಲ. ಕಬ್ಬಿಣದ ಕಂಟದಿಂದ ಗೀರಿ, ಆಮೇಲೆ ಮಸಿ ತಿಕ್ಕಿ ಒರೆಸಿದರೆ ಗೀರಿದ ಕಡೆ ಮಾತ್ರ ಕಪ್ಪು ನಿಲ್ಲುತ್ತಿತ್ತು. ಓಲೆಯ ನಾರು ಉದ್ದಕ್ಕೆ ಹರಿದಿರುತ್ತದೆ. ಆ ನಾರಿನ ಗುಂಟ ನೇರ ಗೆರೆ ಎಳೆದರೆ ಓಲೆ ಸೀಳುತ್ತದೆ. ದಕ್ಷಿಣದ ಲಿಪಿಗಳು ದುಂಡಗಾದದ್ದಕ್ಕೆ ಇದೂ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ಈ ಸೈಕ್ಲೋಸ್ಟೈಲ್ ಪುಟಗಳ ಕೆಲಸ ಮಾಡಿದವರಿಗೆ ಇದರ ತಿರುಗಮುರುಗ ಅನುಭವ ಇದ್ದೇ ಇದೆ: ಮೇಣದ ಸ್ಟೆನ್ಸಿಲ್ ಮೇಲೆ ದುಂಡಗಿನ ಅಕ್ಷರವನ್ನು ಒತ್ತಿ ಕೊರೆದರೆ ನಡುವಿನ ಚೂರೇ ಕಳಚಿ ಬರುತ್ತದೆ! ಓಲೆಗೆ ಗೆರೆಯ ಭಯ, ಸ್ಟೆನ್ಸಿಲ್‌ಗೆ ಸೊನ್ನೆಯ ಭಯ.

ಓಲೆಯ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ, ಉದ್ಧರಣ ಚಿಹ್ನೆ ಯಾವವೂ ಇಲ್ಲ. ಓದುವುದಾದರೂ ಹೇಗೆ ಎನಿಸುತ್ತದೆ. ಆದರೆ ಕನ್ನಡಕ್ಕೆ ಅವುಗಳ ಹಂಗು ಅಷ್ಟಾಗಿ ಇರಲಿಲ್ಲ. "ಬಂದನೆ" ಎಂದಾಗ ಪ್ರಶ್ನೆ ಕ್ರಿಯಾಪದದ ಬಾಲದಲ್ಲೇ ಕೂತಿದೆ. "ಬರುತ್ತೇನೆ ಎಂದು ಹೇಳಿದ" ಅಂದಾಗ ಮಾತು ಎಲ್ಲಿ ಮುಗಿಯಿತು ಎಂಬುದನ್ನು "ಎಂದು" ತೋರಿಸುತ್ತದೆ. ಓಲೆಯನ್ನು ಗಟ್ಟಿಯಾಗಿ ಓದಿ ಹತ್ತು ಜನ ಕೇಳುತ್ತಿದ್ದ ಕಾಲದಲ್ಲಿ ಓದುವವನ ಉಸಿರೇ ವಿರಾಮಚಿಹ್ನೆ.

ಈಗ ಲೆಕ್ಕದವರ ಮಾತು. ನಮ್ಮ ವ್ಯಾಪಾರಿಗಳೂ ಶಾನುಭೋಗರೂ ಲೆಕ್ಕ ಇಡುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತವಾಯಿತು. ಆ ಕರಿಯ ಮೈ ಮೇಲೆ ಬಳಪದಿಂದ ಬರೆಯುವುದು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯುವುದು. ಆಫೀಸಿನ ಫೈಲಿಗೆ ನಾವು ಈಗಲೂ "ಕಡತ" ಅನ್ನುತ್ತೇವೆ. ವಸ್ತು ಹೋಯಿತು, ಹೆಸರು ಉಳಿಯಿತು. ಕವಿ ಮೇಲೆ ನೋಡಿ ಬರೆಯುತ್ತಿದ್ದ ಕಾಲದಲ್ಲೂ ಕಡತ ಬರೆಯುವವನು ಮಾತ್ರ ಆಡುವ ಕನ್ನಡದಲ್ಲೇ ಬರೆಯಬೇಕಿತ್ತು. ಕೊಟ್ಟವನಿಗೂ ತಗೊಂಡವನಿಗೂ ತಿಳಿಯಬೇಕಲ್ಲ!

ಯಾವ ಕನ್ನಡದಲ್ಲಿ ಬರೆಯಬೇಕು?

ಇಂಗ್ಲಿಷ್ ಬೆರೆಸಿ ಕನ್ನಡ ಕೆಟ್ಟುಹೋಯಿತು ಎಂದು ಹಿರಿಯರು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇವೆ. ಈ ತಕರಾರು ಹೊಸದಲ್ಲ, ನೋಡ್ರಿ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹೊಂದಿಕೆಯಿಲ್ಲದೆ ಸಮಾಸ ಮಾಡುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂದು ಆಕ್ಷೇಪಿಸುತ್ತದೆ. 1112ರಲ್ಲಿ 'ಧರ್ಮಾಮೃತ' ಬರೆದ ಮುಳುಗುಂದದ ನಯಸೇನ, ತುಪ್ಪ ಎಣ್ಣೆ ಎರಡನ್ನೂ ಕೂಡಿಸುವುದು ಸರಿಯೇ ಎಂದು ಕೇಳಿದ. ಸ್ವಾರಸ್ಯವೇನೆಂದರೆ ಅವನ ಬರಹದಲ್ಲೂ ಸಂಸ್ಕೃತ ಸಾಕಷ್ಟಿದೆ. ಬೆರಕೆ ತಪ್ಪಿದ್ದಲ್ಲ, ಬೆರೆಸುವವನಿಗೆ ಹದ ಗೊತ್ತಿರಬೇಕು, ಅಷ್ಟೆ.

ಹನ್ನೆರಡನೆಯ ಶತಮಾನದಲ್ಲೇ ವಚನಕಾರರು ಆ ಹದವನ್ನು ಬೇರೆ ದಾರಿಯಿಂದ ಕಂಡುಕೊಂಡರು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ತಮ್ಮ ಕಸುಬಿನ ಮಾತಿನಲ್ಲೇ ದೊಡ್ಡ ವಿಚಾರ ಹೇಳಿದರು. ಬಸವಣ್ಣನವರು ಬಿಜ್ಜಳನ ಭಂಡಾರಿ. ಲೆಕ್ಕದವರಿಗೆ ಗದ್ಯದ ಚರಿತ್ರೆಯಲ್ಲಿ ಗೌರವದ ಜಾಗ ಇದೆ ಎಂದದ್ದು ಈ ಕಾರಣಕ್ಕೆ.

ಇಷ್ಟಾದರೂ ಪಂಡಿತರ ಗದ್ಯ ಮಾತ್ರ ಬಹುಕಾಲ ಹಳೆಯ ಜಾಡಿನಲ್ಲೇ ನಡೆಯಿತು. 1823ರಲ್ಲಿ ಮೈಸೂರಿನ ಕೆಂಪುನಾರಾಯಣ 'ಮುದ್ರಾಮಂಜೂಷ' ಬರೆದಾಗ ಅದರಲ್ಲಿ ಹಳೆಯ ರೂಪ, ಹೊಸ ರೂಪ ಎರಡೂ ಅಕ್ಕಪಕ್ಕ ಕೂತಿದ್ದವು. ಶತಮಾನದ ಕೊನೆಗೆ ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದ ಮುದ್ದಣ 'ರಾಮಾಶ್ವಮೇಧ' ಬರೆದರು. ಅದರಲ್ಲಿ ಕಥೆ ಹೇಳುವ ಗಂಡನಿಗೆ ಕೇಳುವ ಹೆಂಡತಿ ಮನೋರಮೆ ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಸಂಸ್ಕೃತದ ಭಾರ ಹೆಚ್ಚಾದಾಗ ಕನ್ನಡದಲ್ಲಿ ಹೇಳು ಎಂದು ತಡೆಯುತ್ತಾಳೆ. ಓದುಗರಿಗೆ ಏನು ಬೇಕು ಎಂಬುದು ಲೇಖಕನ ಮನೆಯೊಳಗೇ ಬಂದು ಕೂತ ಗಳಿಗೆ ಅದು. ಹಳೆಯ ಭಾಷೆಯ ಗತ್ತು, ಹೊಸ ಓದುಗರ ಹಟ ಎರಡೂ ಆ ಒಂದೇ ಪುಸ್ತಕದಲ್ಲಿ ಸಿಗುತ್ತವೆ.

ಅಚ್ಚಿನ ಮೊಳೆ ಬಂದ ಮೇಲೆ

ಬದಲಾವಣೆಯ ವೇಗ ಹೆಚ್ಚಿಸಿದ್ದು ಮುದ್ರಣ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಇದು ಕನ್ನಡದ ಮೊದಲ ಪತ್ರಿಕೆ; ಛಾಪಿಸಿದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಬರಹವನ್ನೇ ಕಲ್ಲಿನ ಮೇಲೆ ಮೂಡಿಸಿ ಪ್ರತಿ ತೆಗೆದದ್ದು. ಒಂದು ಲೆಕ್ಕದಲ್ಲಿ ನಮ್ಮ ಸೈಕ್ಲೋಸ್ಟೈಲ್ ಪುಟಗಳ ಮುತ್ತಜ್ಜ.

ಪತ್ರಿಕೆ ಬಂದದ್ದರಿಂದ ಗದ್ಯಕ್ಕೆ ಹೊಸ ಕೆಲಸ ಬಿತ್ತು. ಪೇಟೆಯ ಧಾರಣೆ, ಸರ್ಕಾರದ ಹುಕುಂ, ಊರ ಸುದ್ದಿ ಇವನ್ನು ಕಂದಪದ್ಯದಲ್ಲಿ ಹೇಳಲು ಬರುವುದಿಲ್ಲ. ಪದಗಳ ನಡುವೆ ಜಾಗ ಬಂತು, ಪೂರ್ಣವಿರಾಮ ಬಂತು, ಪ್ಯಾರಾ ಬಂತು. ಗಟ್ಟಿಯಾಗಿ ಓದುವವನ ಬದಲು ಒಬ್ಬನೇ ಕೂತು ಕಣ್ಣಲ್ಲೇ ಓದುವವನು ಬಂದ. ಇತ್ತ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯದೇ ಮೇಲುಗೈ ಇದ್ದಾಗ ಡೆಪ್ಯುಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ಕನ್ನಡ ಶಾಲೆಗಳನ್ನು ಬೆಳೆಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಓದುಗರು ತಯಾರಾದ ಮೇಲೆ ಬರೆಯುವವರೂ ತಯಾರಾದರು. 1899ರಲ್ಲಿ ಪೊಲೀಸ್ ಅಧಿಕಾರಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂತು, 1920ರಲ್ಲಿ ಮಾಸ್ತಿಯವರ 'ಕೆಲವು ಸಣ್ಣ ಕಥೆಗಳು'. ಈ ಅವಧಿಯ ಕಥೆಯನ್ನೆಲ್ಲ ತಿಳಿಯಬೇಕೆಂದರೆ ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' ಓದಬೇಕು.

ಅಚ್ಚು ಇನ್ನೊಂದು ಕೆಲಸವನ್ನೂ ಮಾಡಿತು. ಎಲ್ಲ ಊರಿನವರಿಗೂ ಒಂದೇ ನಮೂನೆಯ ಪುಸ್ತಕದ ಕನ್ನಡವನ್ನು ಕೊಟ್ಟಿತು. ಅದು ಅನುಕೂಲವೂ ಹೌದು, ಬಿಗಿ ಅಂಗಿಯೂ ಹೌದು. ಆ ಅಂಗಿಯ ಗುಂಡಿ ಬಿಚ್ಚಿದವರು ಅನೇಕರು. ಕೈಲಾಸಂ ಬೆಂಗಳೂರಿನ ಬೆರಕೆ ಮಾತನ್ನು ರಂಗಕ್ಕೆ ತಂದರು, ಬೇಂದ್ರೆ ಧಾರವಾಡದ ಮಾತಿನಲ್ಲಿ ಹಾಡಿದರು. 1973ರಲ್ಲಿ 'ದ್ಯಾವನೂರು' ಸಂಕಲನದಿಂದ ದೇವನೂರ ಮಹಾದೇವ ನಂಜನಗೂಡು ಸೀಮೆಯ ಕೇರಿಯ ನುಡಿಯನ್ನು ಅಚ್ಚಿನೊಳಗೆ ನಿಲ್ಲಿಸಿದರು. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಚುರುಕು ಗದ್ಯದ ರುಚಿ ಹತ್ತಿಸಿತು. ಯಾರ ಮಾತು ಅಚ್ಚಾಗಲು ಯೋಗ್ಯ ಎಂಬ ಪ್ರಶ್ನೆಗೆ ಉತ್ತರ ಬದಲಾದಾಗಲೆಲ್ಲ ಕನ್ನಡ ಬರವಣಿಗೆ ಬದಲಾಗಿದೆ.

ಕೀಲಿಮಣೆ ಮತ್ತು 'ಬಳೆ'ಯ ಸಮಸ್ಯೆ

ಒತ್ತು, ದೀರ್ಘ, ಗುಣಿತಗಳಿಂದಾಗಿ ಕನ್ನಡವನ್ನು ಯಂತ್ರಕ್ಕೆ ಒಗ್ಗಿಸುವುದು ಕಷ್ಟವಿತ್ತು. ಕೆ. ಅನಂತಸುಬ್ಬರಾಯರು ಕನ್ನಡ ಟೈಪ್‌ರೈಟರ್ ರೂಪಿಸಿದರು. ಕಂಪ್ಯೂಟರ್ ಬಂದ ಮೇಲೆ ಕೆ.ಪಿ. ರಾಯರು ಉಚ್ಚಾರವನ್ನು ಅನುಸರಿಸುವ ಕೀಲಿಮಣೆ ವಿನ್ಯಾಸ ಕೊಟ್ಟರು. 1998ರಲ್ಲಿ 'ಬರಹ' ತಂತ್ರಾಂಶ ಬಂತು. ಈಗ ಜೇಬಿನ ಫೋನಿನಲ್ಲೇ ಕನ್ನಡ ಅಕ್ಷರ ಇದೆ. ಆದರೂ ನಮ್ಮಲ್ಲಿ ಹತ್ತರಲ್ಲಿ ಎಂಟು ಮಂದಿ ಸಂದೇಶ ಕಳಿಸುವುದು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ.

ತಪ್ಪೇನು, ತಿಳಿದರೆ ಸಾಕಲ್ಲ ಅನ್ನಬಹುದು. ಬಿ, ಎ, ಎಲ್, ಇ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ತೆಗೆದುಕೊಳ್ಳಿ. ಅದನ್ನು ಬಲೆ ಎಂದು ಓದಬಹುದು, ಬಳೆ, ಬಾಲೆ, ಬಾಳೆ ಎಂದೂ ಓದಬಹುದು. ಊರಿಂದ ಬರುವಾಗ ಬಾಳೆ ತರಬೇಕೋ ಬಳೆ ತರಬೇಕೋ? ಹಾಲು, ಹಾಳು ಎರಡೂ ಒಂದೇ ಆಗುತ್ತವೆ. ಹಿಂದೆಯೂ ಹೀಗೆ ಅಕ್ಷರ ಕಳೆದುಕೊಂಡದ್ದುಂಟು. ಹಳಗನ್ನಡದಲ್ಲಿ ೞ ಎಂಬ ಬೇರೆಯೇ ಅಕ್ಷರವಿತ್ತು. ನಮ್ಮ ಕೋಳಿ ಆಗ ಕೋೞಿ. ಅದರ ಉಚ್ಚಾರ ಜನರ ಬಾಯಲ್ಲಿ ಸವೆದು ಗೊಂದಲವಾದಾಗ ಹದಿಮೂರನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ೞ ಬರುವ ಶಬ್ದಗಳ ಪಟ್ಟಿಯನ್ನೇ ಕೊಟ್ಟ. ಆದರೂ ಅದು ಉಳಿಯಲಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ೞ ಹೋದದ್ದು ಬಾಯಿಯಿಂದ. ಳ ನಮ್ಮ ಬಾಯಲ್ಲಿ ಇನ್ನೂ ಜೀವಂತ ಇದೆ, ಬೆರಳಿನಿಂದ ಮಾತ್ರ ಜಾರುತ್ತಿದೆ. ಇದನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.

ಕೈ ಪಳಗುವ ಬಗೆ

ಈಗ ಎರಡನೆಯ ಪ್ರಶ್ನೆ. ಮೇಲೆ ಬಂದ ಹೆಸರುಗಳನ್ನು ಒಮ್ಮೆ ಎಣಿಸಿ ನೋಡ್ರಿ: ಭಂಡಾರಿ, ಅಂಬಿಗ, ಡ್ರಿಲ್ ಮಾಸ್ತರು, ಪೊಲೀಸ್ ಅಧಿಕಾರಿ. ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿ. ನಮ್ಮ ಮುಂಬಯಿಯಲ್ಲೇ ಇದ್ದು 'ಶಿಕಾರಿ' ಬರೆದ ಯಶವಂತ ಚಿತ್ತಾಲರು ಪ್ಲಾಸ್ಟಿಕ್ ಉದ್ಯಮದವರು. ಅವರ ಅಣ್ಣ, ಕವಿ ಗಂಗಾಧರ ಚಿತ್ತಾಲರು ಸರ್ಕಾರದ ಲೆಕ್ಕಪತ್ರ ಇಲಾಖೆಯವರು. ಯಾವ ವಿಭಾಗದಲ್ಲಿ ಓದಿದರು ಎಂಬುದರಿಂದ ಇವರು ಲೇಖಕರಾಗಲಿಲ್ಲ. ಹಾಗಾದರೆ ಯಾವುದರಿಂದ ಆದರು? ನನಗೆ ತಿಳಿದಷ್ಟು ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು ಕಿವಿ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನ ಓದಿ ಕಲಿಯದೆಯೂ ಕಾವ್ಯ ಬಲ್ಲವರು ಎಂದು 'ಕವಿರಾಜಮಾರ್ಗ' ಹೊಗಳುತ್ತದೆ. ಇದು ಬರೀ ಅಭಿಮಾನದ ಮಾತಲ್ಲ, ಅವರ ಕಿವಿ ಪಳಗಿತ್ತು ಎಂದು ಅರ್ಥ. ಜುಲೈ ತಿಂಗಳ ಮುಂಬಯಿಯ ಬಗ್ಗೆ ಬರೆಯುವಾಗ ನಮ್ಮ ಲೇಖನಿಗೆ ಸಿಗುವುದು "ಭಾರೀ ಮಳೆ" ಒಂದೇ. ವಿಜಯಪುರದ ಕಡೆಯ ನನ್ನ ಅಜ್ಜಿಗೆ ಜಿಟಿಜಿಟಿ ಮಳೆ ಬೇರೆ, ಜಡಿಮಳೆ ಬೇರೆ, ಅಡ್ಡಮಳೆ ಬೇರೆ, ಹದಮಳೆ ಬೇರೆ. ಆಕೆಗೆ ಸಹಿ ಹಾಕಲು ಬರುವುದಿಲ್ಲ, ಆದರೆ ಶಬ್ದದ ಲೆಕ್ಕದಲ್ಲಿ ನಾನೇ ಬಡವ. ಇಂಥ ಮಾತು ಕೇಳಿದ ದಿನವೇ ಬರೆದಿಡಬೇಕು.

ಎರಡನೆಯದು ನೋಡಿ ಬರೆಯುವುದು. ಶಾಲೆಯಲ್ಲಿ ಶುದ್ಧಬರಹ, ಉಕ್ತಲೇಖನ ಎಂದರೆ ನಾವು ಗೊಣಗುತ್ತಿದ್ದೆವು. ಆದರೆ ಓಲೆ ಪ್ರತಿ ಮಾಡುವವರು ಕಲಿತದ್ದು ಹಾಗೆಯೇ. ಒಳ್ಳೆಯ ಗದ್ಯದ ಒಂದು ಪುಟವನ್ನು ಕೈಯಾರೆ ಬರೆದು ನೋಡಿ. ಕಣ್ಣು ಹಾರಿಸಿಕೊಂಡು ಹೋಗುವ "ಆದರೂ", "ಅಂತೂ", "ತಾನೆ" ಎಂಬ ಸಣ್ಣ ಮಾತುಗಳು ಎಷ್ಟು ಕೆಲಸ ಮಾಡುತ್ತವೆ ಎಂಬುದು ಕೈಗೆ ತಿಳಿಯುತ್ತದೆ.

ಮೂರನೆಯದು ತಿದ್ದುವುದು. ನಮ್ಮಂಥವರ ಕನ್ನಡದಲ್ಲಿ ನುಸುಳುವ ದೊಡ್ಡ ರೋಗ ಇಂಗ್ಲಿಷ್ ಪದದ್ದಲ್ಲ, ಇಂಗ್ಲಿಷ್ ವಾಕ್ಯದ್ದು. ವ್ಯಾಪಾರಿ ಪತ್ರವನ್ನು ಕನ್ನಡ ಮಾಡಿ ಎಂದರೆ "ನಿಮ್ಮಿಂದ ಕಳುಹಿಸಲ್ಪಟ್ಟ ಸರಕು ನಮ್ಮಿಂದ ಸ್ವೀಕರಿಸಲ್ಪಟ್ಟಿದೆ" ಎಂದು ಬರೆಯುತ್ತೇವೆ. ಇದರಲ್ಲಿ ಇಂಗ್ಲಿಷ್ ಪದ ಒಂದೂ ಇಲ್ಲ, ಆದರೂ ಕನ್ನಡವಲ್ಲ. "ನೀವು ಕಳಿಸಿದ ಪಾರ್ಸಲ್ ಮುಟ್ಟಿತು" ಎಂಬುದರಲ್ಲಿ ಇಂಗ್ಲಿಷ್ ಪದ ಇದೆ, ಆದರೂ ಅಪ್ಪಟ ಕನ್ನಡ. ಹಾಗೆಯೇ, "ಮುಂಬಯಿ ಮಹಾನಗರವು ಯಾಂತ್ರಿಕವಾಗಿದ್ದು ಜನಜೀವನವು ಧಾವಂತದಿಂದ ಕೂಡಿದೆ" ಎಂಬ ವಾಕ್ಯ ನಮ್ಮೆಲ್ಲರ ಪ್ರಬಂಧಗಳಲ್ಲೂ ಇರುತ್ತದೆ. ಅದನ್ನು ಹೊಡೆದು, "ಸಂಜೆ ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಆಫೀಸು ಬಿಟ್ಟ ಹೆಂಗಸರು ಮನೆ ಮುಟ್ಟುವ ಮೊದಲೇ ಬಟಾಣಿ ಸುಲಿದು ಮುಗಿಸಿರುತ್ತಾರೆ" ಎಂದು ಬರೆಯಿರಿ. ಧಾವಂತ ಎಂಬ ಪದ ಹೋಯಿತು, ಧಾವಂತ ಕಣ್ಣಿಗೆ ಕಾಣಿಸಿತು. ಸ್ಟೆನ್ಸಿಲ್ ಮೇಲೆ ತಿದ್ದುವುದು ಕಷ್ಟ, ಆದ್ದರಿಂದ ಕೊರೆಯುವ ಮೊದಲೇ ಎರಡು ಸಲ ಬರೆದು ನೋಡುತ್ತೇವೆ. ಫೋನಿನಲ್ಲಿ ನೂರು ಸಲ ತಿದ್ದಬಹುದು, ಹಾಗಾಗಿಯೇ ಒಮ್ಮೆಯೂ ತಿದ್ದುವುದಿಲ್ಲ!

ನಾಲ್ಕನೆಯದು ಓದುವ ಒಬ್ಬ ಮನುಷ್ಯ. ಕುವೆಂಪು ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1922ರಲ್ಲಿ ಅವರ 'ಬಿಗಿನರ್ಸ್ ಮ್ಯೂಸ್' ಅಚ್ಚಾಗಿತ್ತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದರು. ಸರಿಯಾದ ಹೊತ್ತಿಗೆ ಒಬ್ಬ ಓದುಗ ಆಡಿದ ಒಂದು ಮಾತು ಎಂಥ ಕೆಲಸ ಮಾಡಿತು ನೋಡಿ. ಮುಂಬಯಿಯ ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, "ತೀರ್ಥರೂಪ ತಂದೆಯವರಿಗೆ" ಎಂದು ಊರಿಗೆ ಕಾಗದ ಬರೆದ ಹುಡುಗರಿಗೂ ಅಂಥ ಒಬ್ಬ ಓದುಗ ಇದ್ದ. "ಉಭಯ ಕುಶಲೋಪರಿ ಸಾಂಪ್ರತ" ಎಂಬುದು ಬಾಯಿಪಾಠದ ಸಾಲು. ಅದರ ಕೆಳಗೆ ಅವರು ತಾವಾಗಿ ಬರೆದ ಸಾಲುಗಳೇ ನಿಜವಾದ ಬರವಣಿಗೆ.

ಹಲವು ಭಾಷೆಗಳ ನಡುವೆ ಇದ್ದರೆ ಕನ್ನಡ ಬರೆಯಲು ಬರುವುದಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ. ಸೊಲ್ಲಾಪುರದಲ್ಲಿ ವರ್ಷಾನುಗಟ್ಟಲೆ ಕನ್ನಡ ಕಲಿಸಿದರು.

ಕಾಮರ್ಸಿನವನಾಗಿ ಒಂದು ಮಾತು ಸೇರಿಸುತ್ತೇನೆ. ಹಳೆಯ ಅಂಗಡಿಗಳಲ್ಲಿ ದಿನದ ವ್ಯವಹಾರವನ್ನು ಮೊದಲು ಕೀರ್ದಿಯಲ್ಲಿ ಬರೆಯುತ್ತಿದ್ದರು, ಅಲ್ಲಿಂದ ಖತಾವಣಿಗೆ ಏರಿಸುತ್ತಿದ್ದರು. ಕೀರ್ದಿ ಇಲ್ಲದೆ ಖತಾವಣಿ ಇಲ್ಲ. ಬರೆಯುವವನಿಗೂ ಹಾಗೆಯೇ. ಕೇಳಿದ ಮಾತು, ಕಂಡ ಮುಖ, ಬಂದ ವಿಚಾರ ಇವನ್ನು ದಿನಾ ನಾಲ್ಕು ಸಾಲು ಕೀರ್ದಿಗೆ ಹಾಕಬೇಕು. ಲೇಖನವೋ ಕಥೆಯೋ ಆಮೇಲಿನ ಖತಾವಣಿ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ವರ್ಷದ ಲೆಕ್ಕ ಬರೆಯಲು ಹೊರಟವನ ಪಾಡು ಏನಾಗುತ್ತದೆಂದು ನಮ್ಮ ವಿಭಾಗದವರಿಗೆ ಬೇರೆ ಹೇಳಬೇಕಾಗಿಲ್ಲ.

ಗೆಳೆಯರೇ, ಕಲ್ಲು ಹೋಗಿ ಓಲೆ ಬಂತು, ಓಲೆ ಹೋಗಿ ಕಾಗದ ಬಂತು, ಈಗ ಗಾಜಿನ ಪರದೆ ಬಂದಿದೆ. ಸಾಧನ ಹೋದದ್ದಕ್ಕೆ ಕನ್ನಡ ಬಡವಾಗಲಿಲ್ಲ. ಒಂದು ಊರಿನವರು, ಒಂದು ಕಸುಬಿನವರು ಬರೆಯುವುದನ್ನು ಬಿಟ್ಟಾಗ ಅವರಷ್ಟು ಕನ್ನಡ ಕಡಿಮೆಯಾಗುತ್ತದೆ. ಚಾಳಿನ ನೀರಿನ ಸಾಲು, ಹೋಟೆಲಿನ ಗಲ್ಲಾ, ಮರಾಠಿ-ಹಿಂದಿ ಬೆರೆತ ನಮ್ಮ ಮನೆಗಳ ಮಾತು ಇವನ್ನು ಬೆಂಗಳೂರಿನವರೋ ಧಾರವಾಡದವರೋ ಬಂದು ಬರೆದುಕೊಡುವುದಿಲ್ಲ. ನಾವೇ ಬರೆಯಬೇಕು. ಮುಂದಿನ ಸಂಚಿಕೆಗೆ ಪ್ರತಿಯೊಬ್ಬರೂ ಒಂದು ಪುಟವಾದರೂ ಕೊಡಿ. ಕೈಬರಹ ಕಾಗೆ-ಗುಬ್ಬಿ ಕಾಲಾದರೂ ಚಿಂತೆ ಇಲ್ಲ, ಸ್ಟೆನ್ಸಿಲ್ ಕೊರೆಯಲು ನಾವಿದ್ದೇವೆ. ಳ ಮತ್ತು ಲ ಮಾತ್ರ ಬೇರೆ ಬೇರೆ ಬರೆಯಿರಿ.